ಸ್ಟೀರಿಂಗಿಗೆ ಹೊಲಿದ ಚರ್ಮ

ಅಕ್ಕಾ, ಅವತ್ತು ಭಾವ ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು — ಅವತ್ತೂ ಗೊತ್ತಿತ್ತು, ಈ ಹನ್ನೆರಡು ವರ್ಷವೂ ಗೊತ್ತಿತ್ತು. ಕಾರು ಗೋಡೆಗೆ ಗುದ್ದಿದ್ದು ನನ್ನ ಕೆಟ್ಟ ಹೊಲಿಗೆಯಿಂದ.

ಇದನ್ನು ಹೇಳಬೇಕೆಂದು ಎಷ್ಟೋ ಸಲ ನಿಮ್ಮ ಮನೆಗೆ ಬಂದು, ಕಾಫಿ ಕುಡಿದು, ಸುಮ್ಮನೆ ವಾಪಸ್ಸು ಹೋಗಿದ್ದೇನೆ. ಈಗ ಸುಸ್ತಾಗಿದೆ. ಇನ್ನು ಮುಚ್ಚಿಡಲು ಕೈಲಾಗುವುದಿಲ್ಲ.

ನಾನಾಗ ಹಲಸೂರಿನ ನಿಮ್ಮ ಮನೆಯಲ್ಲೇ ಇದ್ದು, ಶಿವಾಜಿನಗರದ ಬ್ಯಾಗಿನ ಅಂಗಡಿಯಲ್ಲಿ ಚರ್ಮ ಹೊಲಿಯುತ್ತಿದ್ದೆ. ಭಾವ ಬೆನ್ಸನ್ ಟೌನಿನ ಒಬ್ಬ ವಯಸ್ಸಾದ ಅಮ್ಮನ ಕಾರು ಓಡಿಸುತ್ತಿದ್ದರು. ಹಳೆಯ ಕಾರು. ಸ್ಟೀರಿಂಗಿನ ಮೇಲಿನ ಪ್ಲಾಸ್ಟಿಕ್ಕು ಬಿಸಿಲಿಗೆ ಸೀಳಿಹೋಗಿ, ತಿರುಗಿಸಿದಾಗಲೆಲ್ಲ ಅಂಗೈ ಚಿವುಟುತ್ತಿತ್ತು. "ಇದಕ್ಕೊಂದು ಚರ್ಮದ ಕವರ್ ಹೊಲ್ಕೊಡೋ ಮಗಾ" ಎಂದು ಅವರು ಕೇಳಿದಾಗ ನನಗೆ ಹೆಮ್ಮೆಯೇ ಆಯಿತು. ಅಂಗಡಿಯ ಸಾಹೇಬರು ಮಿಕ್ಕಿದ್ದ ಚರ್ಮ ಕೊಟ್ಟು ಎಚ್ಚರಿಕೆಯನ್ನೂ ಹೇಳಿದ್ದರು: "ಪಹಲೇ ಗಮ್ ಹಚ್ಚು, ಒಣಗ್ಲಿ, ಆಮೇಲೆ ಹೊಲಿ. ಬರೀ ಹೊಲಿಗೆ ನಂಬ್ಬೇಡ ಭಾಯ್, ಕೈಯಲ್ಲಿ ತಿರುಗ್ತದೆ."

ಶುಕ್ರವಾರ ಅಂಗಡಿಗೆ ರಜೆ. ಕಾರಿನ ಒಡತಿ ಆ ಅಮ್ಮನನ್ನು ಕೇಳಿ ಭಾವ ಕಾರನ್ನು ಮನೆಗೇ ತಂದಿದ್ದರು. ಮಧ್ಯಾಹ್ನ ಡ್ರೈವರ್ ಸೀಟಿನಲ್ಲಿ ಕೂತು, ಸೀಳಿದ ಪ್ಲಾಸ್ಟಿಕ್ಕನ್ನು ಉಜ್ಜಿ ನುಣುಪು ಮಾಡಿ, ಚರ್ಮ ಸುತ್ತಿ, ಒಳಬದಿಯಲ್ಲಿ ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾ ಹೋದೆ. ಗಮ್ ಹಚ್ಚಲಿಲ್ಲ. ಅದು ಒಣಗಲು ಹೊತ್ತು ಹಿಡಿಯುತ್ತದೆ, ಸಂಜೆ ಗೆಳೆಯರ ಜೊತೆ ಸಿನಿಮಾಕ್ಕೆ ಹೊರಟಿದ್ದೆ — ಇಷ್ಟೇ, ಬೇರೆ ದೊಡ್ಡ ಕಾರಣವೇನೂ ಇಲ್ಲ. ಮುಕ್ಕಾಲು ಪಾಲು ಹೊಲಿದ ಮೇಲೆ ಚರ್ಮವನ್ನು ಅರ್ಧ ಬೆರಳಿನಷ್ಟು ಹೆಚ್ಚು ಅಗಲವಾಗಿ ಕತ್ತರಿಸಿದ್ದು ಗೊತ್ತಾಯಿತು. ಬಿಚ್ಚಲಿಲ್ಲ. ದಾರ ಜಗ್ಗಿ ಮುಗಿಸಿದೆ. ಬಿಗಿಯಾಗಿ ಹಿಡಿದು ತಿರುಗಿಸಿದರೆ ಬಲಗಡೆ ಚರ್ಮ ಹೊರಳುತ್ತಿತ್ತು. ನೋಡಿದೆ ಅಕ್ಕಾ, ಎರಡು ಸಲ ನೋಡಿದೆ. ಅಷ್ಟರಲ್ಲಿ ಭಾವ ಬಂದು, ಅದರ ಮೇಲೆ ಕೈಯಾಡಿಸಿ, "ಏನ್ ಕೆಲ್ಸ ಗುರು ನಿಂದು! ಹೊಸಾ ಕಾರ್ ಇದ್ದಂಗಿದೆ" ಎಂದು ನಕ್ಕರು. ಆ ನಗುವಿನ ಮುಂದೆ ಹೇಳಲಾಗಲಿಲ್ಲ — ಇಲ್ಲ, ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ನಿನ್ನ ಕೈಯ ಇಡ್ಲಿ ತಿಂದು ಹೊರಟೆವು. ಶಿವಾಜಿನಗರದಲ್ಲಿ ಟೀ ಕುಡಿದೆವು. ನನ್ನನ್ನು ಅಲ್ಲೇ ಇಳಿಸಿ, ಅವರು ಬೆನ್ಸನ್ ಟೌನಿನ ಆ ಅಮ್ಮನನ್ನು ಕೂರಿಸಿಕೊಂಡು ಕೆ.ಆರ್. ಪುರದ ಕಡೆ ಹೋದರು. ಅಲ್ಲಿ ಬಸ್ಸೊಂದು ಅಡ್ಡ ಬಂತು. ಭಾವ ಸರ್ರನೆ ಸ್ಟೀರಿಂಗು ಎಳೆದು ಅದನ್ನು ತಪ್ಪಿಸಿ, ಮತ್ತೆ ರಸ್ತೆಗೆ ತಿರುಗಿಸಲು ಹೋದರು. ಕೈಯೊಳಗೆ ಚರ್ಮ ತಿರುಗಿತು, ಸ್ಟೀರಿಂಗು ತಿರುಗಲಿಲ್ಲ; ಕಾರು ರಸ್ತೆ ಬದಿಯ ಗೋಡೆಗೆ ಗುದ್ದಿತು. ಭಾವನ ಭುಜದ ಮೂಳೆ, ಆ ಅಮ್ಮನ ಮುಂಗೈ — ಎರಡೂ ಮುರಿದವು.

ಆಸ್ಪತ್ರೆಯಲ್ಲಿ ಭಾವ ಹೇಳಿದ್ದು ಒಂದೇ ಮಾತು: "ಕೈ ಜಾರ್ತು." ಮಗಳು ಹುಟ್ಟಿದ ದಿನದಿಂದ ಏಳು ವರ್ಷ ಅವರು ಕುಡಿತ ಮುಟ್ಟಿರಲಿಲ್ಲ. ಆದರೆ ಅದಕ್ಕೆ ಮುಂಚಿನದನ್ನು ಯಾರೂ ಮರೆತಿರಲಿಲ್ಲ. ಗಾಯ ತೊಳೆದ ಸ್ಪಿರಿಟ್ಟಿನ ವಾಸನೆ ಅವರ ಮೈಮೇಲೆಲ್ಲ ಇತ್ತು. ನೀನು ನನ್ನನ್ನು ವರಾಂಡಕ್ಕೆ ಎಳೆದು ತಂದು ಕೇಳಿದೆ: "ಬೆಳಿಗ್ಗೆ ನೀನ್ ಜೊತೇಲಿದ್ಯಲ್ಲೋ. ನನ್ನಾಣೆ, ನಿಜ ಹೇಳು. ಕುಡಿದಿದ್ರಾ ಅವ್ರು?"

ನಾನು ಅಂದೆ — "ಗೊತ್ತಿಲ್ಲ ಅಕ್ಕ."

ನಾವು ಕುಡಿದಿದ್ದು ಬರೀ ಟೀ. ಇಲ್ಲ ಎಂದಿದ್ದರೆ, ಮತ್ತೆ ಕೈ ಯಾಕೆ ಜಾರಿತು ಎಂದು ನೀನು ಕೇಳುತ್ತಿದ್ದೆ. ಅದಕ್ಕೆ ಹೆದರಿದೆ. ನನ್ನ ಆ 'ಗೊತ್ತಿಲ್ಲ'ವನ್ನೇ ನೀನು ಹೌದು ಎಂದುಕೊಂಡೆ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಮರುದಿನ, ಕಾರಿನಲ್ಲಿ ಉಳಿದಿದ್ದ ಭಾವನ ಊಟದ ಡಬ್ಬಿ ತರಲು ನೀನೇ ಗ್ಯಾರೇಜಿಗೆ ಕಳಿಸಿದೆ. ಸ್ಟೀರಿಂಗಿನ ಒಳಬದಿಯಲ್ಲಿರಬೇಕಾದ ಹೊಲಿಗೆ ತಿರುಚಿಕೊಂಡು ಹೊರಕ್ಕೆ ಬಂದಿತ್ತು. ಯಾರು ನೋಡಿದರೂ ತಿಳಿಯುವಂತಿತ್ತು. ಆ ಚರ್ಮವನ್ನು ಬ್ಲೇಡಿನಿಂದ ಕುಯ್ದು, ಅಂಗಿಯೊಳಗೆ ಇಟ್ಟುಕೊಂಡು ಬಂದು, ಮೋರಿಗೆ ಎಸೆದೆ. ಭಾವ ಕೇಳಿದ್ದಕ್ಕೆ ಗ್ಯಾರೇಜಿನವರು ಕಿತ್ತು ಹಾಕಿದರು ಎಂದೆ.

ಆ ಅಮ್ಮ ಪೊಲೀಸಿಗೆ ಹೋಗಲಿಲ್ಲ, ಆದರೆ ಕೆಲಸದಿಂದ ಬಿಡಿಸಿದರು. ಕುಡುಕ ಎಂಬ ಮಾತು ಹಬ್ಬಿ, ಭಾವನಿಗೆ ಮತ್ತೆ ಯಾರೂ ಕಾರು ಕೊಡಲಿಲ್ಲ. ಈಗ ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಮಂದಿಯ ಕಾರುಗಳಿಗೆ ಗೇಟು ತೆಗೆಯುತ್ತಾರೆ. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವ ಮುಂಚೆ ನೀನು ಹತ್ತಿರ ಹೋಗಿ ಅವರ ಉಸಿರು ಮೂಸುತ್ತೀಯ. ಅವರು ಅಲ್ಲಾಡದೆ ನಿಲ್ಲುತ್ತಾರೆ. ನಿಮ್ಮಲ್ಲಿಗೆ ಬಂದಾಗಲೆಲ್ಲ ನಾನು ಟಿ.ವಿ. ಕಡೆ ನೋಡುತ್ತಾ ಕೂತಿರುತ್ತೇನೆ.

ಹೋದ ವಾರ ಹೊರಮಾವಿಗೆ ಹೋಗಿ ಮೊದಲು ಅವರಿಗೇ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆದಿದ್ದರೆ — ಆದರೆ ಅವರು ಕುರ್ಚಿಯಲ್ಲಿ ಕೂತು ತಮ್ಮ ಎರಡೂ ಕೈಗಳನ್ನು ಬಹಳ ಹೊತ್ತು ನೋಡಿಕೊಂಡರು.

"ಹಳೇ ಕುಡಿತದಿಂದ ನನ್ ಕೈನೇ ಕೆಟ್ಟೋಯ್ತು ಅಂದ್ಕೊಂಡಿದ್ನಲ್ಲೋ" ಎಂದರು. "ಅದಕ್ಕೇ ಮತ್ತೆ ಯಾವ ಗಾಡೀನೂ ಮುಟ್ಲಿಲ್ಲ. ಯಾರನ್ನಾದ್ರೂ ಸಾಯಿಸ್ಬಿಡ್ತೀನಿ ಅಂತ ಭಯ."

ಕಾರೊಂದು ಹಾರನ್ ಮಾಡಿತು. ಹೋಗಿ ಗೇಟು ತೆಗೆದು, ಮುಚ್ಚಿ, ಅಲ್ಲೇ ನಿಂತರು. ನನ್ನ ಕಡೆ ತಿರುಗಲಿಲ್ಲ. ನಾನು ಹೊರಡುವಾಗ ಅಷ್ಟು ದೂರದಿಂದಲೇ ಹೇಳಿದರು:

"ನಿಮ್ಮಕ್ಕಂಗೆ ನೀನೇ ಹೇಳು. ನಾನ್ ಹೇಳಿದ್ರೆ ನಂಬಲ್ಲ ಅವ್ಳು."

ಅದಕ್ಕೇ ಬರೆದೆ. ಆಗ ಚಿಕ್ಕವನಾಗಿದ್ದೆ ಎಂದು ಹೇಳುವುದಿಲ್ಲ — ಆಗ ನನಗೆ ಇಪ್ಪತ್ತಾರು. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಭಾವ ಮನೆಯಲ್ಲಿರುವ ದಿನ ನೋಡಿ ಬರುತ್ತೇನೆ. ಅವರ ಎದುರಿಗೇ, ನಿನ್ನ ಮಗಳ ಎದುರಿಗೂ, ಇದೆಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ಹೋಗು ಅಂದರೆ ಹೋಗುತ್ತೇನೆ.