ಮೂರು ಸಲ ಕೇಳುವ ಊರಿನವಳು

ಮೂರನೆಯ ರೊಟ್ಟಿ ಬಡಿಯುತ್ತಿದ್ದೆ. ತಲೆಯ ಮೇಲೆ, ಹೊಗೆ ಕಂಡರೆ ಕಿರುಚುವ ಯಂತ್ರ. ಅದು ಕಿರುಚದಂತೆ ಸ್ಟೂಲಿನ ಮೇಲೆ ನಿಂತು ಟವೆಲ್ ಬೀಸುತ್ತಿದ್ದರು ನಮ್ಮ ಯಜಮಾನರು. ಇಂಗ್ಲೆಂಡಿನ ಈ ಲೀಡ್ಸ್ ಊರಿನಲ್ಲಿ ಜೋಳದ ರೊಟ್ಟಿ ಮಾಡುವುದೆಂದರೆ ಇಬ್ಬರ ಕೆಲಸ. ಅಷ್ಟರಲ್ಲಿ ಅವರ ಮೊಬೈಲಿಗೆ ಮೆಸೇಜ್ ಬಂತು. ಓದಿದವರು ಸ್ಟೂಲಿನಿಂದ ಇಳಿದರು.

"ಮಾರ್ಗರೆಟ್ ಅಜ್ಜಿ ಕಳಿಸ್ಯಾರ. ಆ ಮನಿ ಬ್ಯಾರೇದವ್ರಿಗೆ ಕೊಟ್ರಂತ. ನೀ ರಿಫ್ಯೂಸ್ ಮಾಡಿದಿ ಅಂತ ಬರದಾರ."

"ನಾನ? ನಾ ಯಾವಾಗ ಒಲ್ಲೆ ಅಂದೇನ್ರಿ?"

"ಮತ್ತ ಏನಂದಿ?"

"ಬ್ಯಾಡ ಅಂದೆ. ಅಷ್ಟ."

ಹಂಚಿನ ಮೇಲಿನ ರೊಟ್ಟಿ ಸೀದು ಯಂತ್ರ ಕಿರುಚತೊಡಗಿತು.

ಆ ಮನೆ ನಮಗೆ ಎಷ್ಟು ಬೇಕಿತ್ತೆಂದು ಹೇಳಬೇಕು. ಯಜಮಾನರು ಬಾಗಲಕೋಟೆಯ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಅಲ್ಲಿ ಎಲ್ಲರೂ ಅವರನ್ನು ‘ಬ್ರದರ್’ ಎನ್ನುತ್ತಿದ್ದರು. ಅದೇ ಕೆಲಸದ ಮೇಲೆ ಇಲ್ಲಿಗೆ ಬಂದು, ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದೆವು. ಅಡುಗೆಮನೆ ಮೂರು ಸಂಸಾರಗಳಿಗೆ ಒಂದೇ. ಆರು ವರ್ಷದ ಮಗಳು ಗೌರಿ ಇಳಕಲ್ಲಿನಲ್ಲಿ ನನ್ನ ಅವ್ವನ ಹತ್ತಿರ ಉಳಿದಿದ್ದಳು. ನಮ್ಮದೇ ಬಾಗಿಲಿನ ಮನೆ ಸಿಕ್ಕ ಮೇಲೆ ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಫೋನ್ ಹಚ್ಚಿದರೆ ಅವಳ ಮೊದಲ ಮಾತೇ, "ಅವ್ವಾ, ಮನಿ ಸಿಕ್ತೇನ?"

ಹಿಂದಿನ ಭಾನುವಾರ ಯಜಮಾನರು ಡ್ಯೂಟಿಗೆ ಹೋಗಿದ್ದಾಗ ಮಾರ್ಗರೆಟ್ ಅಜ್ಜಿ ನನ್ನೊಬ್ಬಳನ್ನೇ ಚಹಾಕ್ಕೆ ಕರೆದಿದ್ದರು. ಮೂರು ಓಣಿ ಆಚೆ ಅವರ ಮನೆ. ಬಾಡಿಗೆಗೆ ಕೊಡುವ ಎರಡು ಮನೆಗಳೂ ಅವರಿಗಿವೆ. ಬಿಸ್ಕೀಟಿನ ತಟ್ಟೆ ಮುಂದೆ ಹಿಡಿದರು. ಹುನಗುಂದದ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ "ನೋ, ನೋ" ಎಂದೆ. ತಟ್ಟೆ ಹಿಂದಕ್ಕೆ ಹೋಯಿತು. ಆಮೇಲೆ, "ಒಂದು ಮನೆ ಖಾಲಿಯಾಗುತ್ತಿದೆ, ನಿಮಗೆ ಬೇಕೇನು, ಲವ್?" ಎಂದರು. ಈ ಊರಿನವರು ಗುರುತಿಲ್ಲದವರನ್ನೂ ‘ಲವ್’ ಎನ್ನುತ್ತಾರೆ, ನಾವು ‘ತಂಗಿ’ ಎಂದಂತೆ. ನನ್ನ ಎದೆ ಹಿಗ್ಗಿತು. ಆದರೆ ಬಾಯಿ ರೂಢಿಯಂತೆ, "ನೋ, ನೋ, ನಿಮಗ್ಯಾಕೆ ತೊಂದರೆ" ಎಂದಿತು. ಅವರು ಸರಿ ಎಂಬಂತೆ ತಲೆಯಾಡಿಸಿ ಚಹಾ ಸುರುವಿದರು. ಎರಡನೆಯ ಸಲ ಕೇಳುತ್ತಾರೆಂದು ನಾನು ಕಪ್ಪು ಖಾಲಿಯಾಗುವತನಕ ಕುಳಿತೆ, ಬಾಗಿಲತನಕ ಕಾದೆ. ಕೇಳಲಿಲ್ಲ.

"ವಾರ್ಡಿನ್ಯಾಗ ನಾ ದಿನಾ ಬರಿಯೂ ಶಬ್ದ ಅದು," ಎಂದರು ಯಜಮಾನರು. "ಪೇಷಂಟ್ ಗುಳಿಗಿ ಬ್ಯಾಡಂದ್ರ ರಿಫ್ಯೂಸ್ಡ್. ಊಟ ಬ್ಯಾಡಂದ್ರ ರಿಫ್ಯೂಸ್ಡ್. ಬರದು ಮುಂದಿನ ಹಾಸಿಗಿಗೆ ಹೋಗೂದು."

"ಒಂದೀಟು ಒತ್ತಾಯ ಮಾಡೂದಿಲ್ಲೇನ್ರಿ?"

"ಮಾಡಿದ್ರ ನನ್ನ ಮ್ಯಾಲೆ ಕಂಪ್ಲೇಂಟ್ ಬರ್ತೈತಿ!"

ಅಂದಿನಿಂದ ಆ ಶಬ್ದ ಎಲ್ಲೆಲ್ಲೂ ಕಿವಿಗೆ ಬೀಳತೊಡಗಿತು. ಚಳಿಗೆ ಚಾಲೂ ಆಗದ ಕಾರೂ ರಿಫ್ಯೂಸ್ ಮಾಡುತ್ತದೆ, ಮಳೆಯಲ್ಲಿ ಹೊರಗೆ ಹೊರಡದ ನಾಯಿಯೂ. ಮದುವೆಯ ಕರೆಗೆ, ಆಫೀಸಿನ ಪತ್ರಕ್ಕೆ ‘ಡಿಕ್ಲೈನ್’ ಎಂಬ ಮೆತ್ತನೆಯ ಮಾತಿದೆಯಂತೆ. ಮೆತ್ತಗಿರಲಿ, ಬಿರುಸಾಗಿರಲಿ, ಒಮ್ಮೆ ಅಂದರೆ ಮುಗಿಯಿತು. ನಮ್ಮಲ್ಲಿ ಒಲ್ಲೆ ಎನ್ನುವುದು ಸಿಟ್ಟಿನ ಮಾತು, ಗಟ್ಟಿ ಮಾತು. ಬ್ಯಾಡ ಎನ್ನುವುದು ಹಾಗಲ್ಲ. ಎರಡು ಸಲ ಬ್ಯಾಡ ಎನ್ನದೆ ಕೈಚಾಚಿದವಳನ್ನು ಇಳಕಲ್ಲಿನಲ್ಲಿ ಹಸಿದು ಬಂದವಳು ಅಂದಾರು.

ಬಾದಾಮಿಗೆ ಹೋಗುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗಲೆಲ್ಲ ನನ್ನ ಸೋದರಮಾವ ಕಿಟಕಿಗೆ ಬಂದು ಕರದಂಟಿನ ಡಬ್ಬಿ ತೂರಿಸುತ್ತಿದ್ದ. ಅವ್ವ ಹೊರಗೆ ನೂಕುತ್ತಿದ್ದಳು. "ಬ್ಯಾಡೋ ಅಣ್ಣಾ, ಭಾಳ ಆತು." "ಸುಮ್ನ ಹಿಡಿಯಬೇ, ಹುಡುಗ್ರು ತಿಂತಾವ." ಬಸ್ಸು ಹೊರಡುತ್ತಿತ್ತು, ಮಾವ ಓಡುತ್ತಿದ್ದ, ಡಬ್ಬಿ ಕೊನೆಗೆ ನನ್ನ ತೊಡೆಯ ಮೇಲೆ ಬೀಳುತ್ತಿತ್ತು. ಬಾದಾಮಿ ಬರುವತನಕ ಅವ್ವ ಅಣ್ಣನನ್ನು ಬಯ್ಯುತ್ತ ನಗುತ್ತಿದ್ದಳು.

ತಾಯಿ ಬನಶಂಕರಿಯ ಪಟದ ಮುಂದೆ ದಿನಕ್ಕೊಂದು ಉಪಕಾರ ನೆನೆಯುವುದು ನನ್ನ ರೂಢಿ: ಇವತ್ತು ಬಿಸಿಲು ಬಿತ್ತು, ಇವತ್ತು ಬಸ್ಸಿನವಳು ನಕ್ಕಳು. ಮೆಸೇಜ್ ಬಂದ ಆ ದಿನ ಏನೂ ಹೊಳೆಯಲಿಲ್ಲ. ನಾದಿದ ಹಿಟ್ಟು ಇನ್ನೂ ಉಳಿದಿದೆಯಲ್ಲ, ತಾಯಿ, ಎಂದೆ. ಎರಡು ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ, ಅರಿವೆಯಲ್ಲಿ ಸುತ್ತಿಕೊಂಡು ಮಾರ್ಗರೆಟ್ ಅಜ್ಜಿಯ ಮನೆಗೆ ನಡೆದೆ. ಯಜಮಾನರು ನನ್ನ ಹಿಂದೆ ಬಂದರು.

"ಮನೆ ಬೇಕಿತ್ತು," ಎಂದೆ. ಉಳಿದದ್ದನ್ನು ಯಜಮಾನರು ಬಿಡಿಸಿ ಹೇಳಿದರು. ಅಜ್ಜಿಯ ಮುಖ ಸಪ್ಪಗಾಯಿತು.

"ನೀನು ಬೇಡ ಅಂದೆಯಲ್ಲ, ಲವ್. ಮತ್ತೆ ಕೇಳಿದ್ದರೆ ನಿನ್ನ ಮಾತಿಗೆ ಬೆಲೆ ಕೊಡದಂತೆ ಆಗುತ್ತಿತ್ತು. ಈಗ ಅವರಿಗೆ ಮಾತು ಕೊಟ್ಟಿದ್ದೇನೆ."

ಮಾತು ಮುರಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಗಂಟು ಬಿಚ್ಚಿ ರೊಟ್ಟಿ ಚಾಚಿದೆ. "ನೋ, ಥ್ಯಾಂಕ್ ಯೂ" ಎಂದರು. ನಾನು ಮುರಿದು ಅವರ ಕೈಯಲ್ಲೇ ಇಟ್ಟೆ. ಒಂದು ತುತ್ತು ತಿಂದರು, ಇನ್ನೊಂದು ತಿಂದರು, ಚಟ್ನಿಯ ಖಾರಕ್ಕೆ ಕಣ್ಣು ಒರೆಸಿಕೊಂಡು, "ಹಾಗಾದರೆ ನಿನ್ನನ್ನು ಎಷ್ಟು ಸಲ ಕೇಳಬೇಕು?" ಎಂದರು. ನಾನು ಮೂರು ಬೆರಳು ತೋರಿಸಿದೆ.

ಎರಡು ತಿಂಗಳ ಮೇಲೆ ಅವರ ಇನ್ನೊಂದು ಮನೆ ಖಾಲಿಯಾಯಿತು. ಅದು ಮೊದಲಿನದಕ್ಕಿಂತ ಸಣ್ಣದು, ಆದರೆ ಅಡುಗೆಮನೆಗೆ ಮುಂಜಾನೆಯ ಬಿಸಿಲು ಬೀಳುತ್ತದೆ. ಅಜ್ಜಿ ತಾವೇ ಬಂದು ಬಾಗಿಲಲ್ಲಿ ನಿಂತು ಬೇಕೇನು ಎಂದರು. ಪ್ರಶ್ನೆ ಮುಗಿಯುವ ಮೊದಲೇ "ಯೆಸ್" ಎಂದೆ. ಆದರೂ ಅವರು ಇನ್ನೆರಡು ಸಲ ಕೇಳಿಯೇ ಕೀಲಿಕೈ ಕೊಟ್ಟರು.

ಈಗ ಗೌರಿ ಇಲ್ಲಿದ್ದಾಳೆ. ಮೊನ್ನೆ ವಿಡಿಯೊ ಕಾಲಿನಲ್ಲಿ ಅವ್ವ ಹೋಳಿಗೆಯ ತಟ್ಟೆ ತೋರಿಸಿ, "ಬೇಕೇನ, ಗೌರಿ?" ಎಂದಳು.

"ಹೂಂ ಅಜ್ಜಿ, ಎರಡು ಬೇಕು!"

"ಒಂದ್ ಸಲಾನೂ ಬ್ಯಾಡ ಅನ್ನಲಿಲ್ಲ ನೋಡಲೇ, ನಿನ್ನ ಮಗಳು!" ಅವ್ವ ನಕ್ಕಳು, ನಾನೂ ನಕ್ಕೆ. ನಗು ಮುಗಿದ ಮೇಲೆ ಅವ್ವ ತಟ್ಟೆ ಕೆಳಗಿಟ್ಟು, "ಯವ್ವಾ, ನೀವು ಅಲ್ಲೇ ಉಳದಬಿಡ್ತೀರೇನ?" ಎಂದಳು.

"ಇಲ್ಲ ಬೇ, ಬರ್ತೇವಿ," ಎಂದೆ.

ಅವ್ವ ಎರಡನೆಯ ಸಲ ಕೇಳಲಿಲ್ಲ. ಇನ್ನೊಮ್ಮೆ ಕೇಳಿದರೆ ನಿಜ ಹೇಳೋಣವೆಂದು ನಾನು ಫೋನ್ ಹಿಡಿದೇ ಇದ್ದೆ. ಅವಳು ಅಲ್ಲಿಯ ಬಿಸಿಲಿನ ಮಾತು ತೆಗೆದಳು. ಫೋನ್ ಇಟ್ಟ ಮೇಲೆ, ನಾಳೆಯ ಪಲ್ಯಕ್ಕೆ ಮಡಿಕೆ ಕಾಳು ನೆನೆಹಾಕಲು ಎದ್ದೆ.