ಗೋಳಗುಮ್ಮಟದ ಕೆಳಗೆ ಬಿಚ್ಚಿದ ಛತ್ರಿ

ಕಾಲಿಟ್ಟು ನೋಡದ ಜಾಗವನ್ನು ಕಾದಂಬರಿಯಲ್ಲಿ ಬರೆಯಬಾರದು ಎಂಬುದು ನನ್ನ ಹಟ. ಹಟ ಅನ್ನಿ, ಕೊಬ್ಬು ಅನ್ನಿ, ನನ್ನ ಹೆಂಡತಿ ಎರಡನ್ನೂ ಅಂದಿದ್ದಾಳೆ. ಸೋಂದೆಯ ಅರಸರ ಕಾಲದ ಕಥೆ ಬರೆಯುವವನಿಗೆ ಆ ಕಾಲವಂತೂ ಸಿಗುವುದಿಲ್ಲ, ಜಾಗವಾದರೂ ಸಿಗಲಿ ಎಂಬುದು ನನ್ನ ವಾದ. ಯಲ್ಲಾಪುರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದುಕೊಂಡು ಇಂಥ ಹಟ ಹಿಡಿದರೆ ವರ್ಷದ ರಜೆಯೆಲ್ಲ ಬಸ್ಸಿನಲ್ಲೇ ಮುಗಿಯುತ್ತದೆ. ಮುಗಿಯಿತು ಕೂಡ.

ನಮ್ಮ ಕಡೆಯವರು ಒಂದೇ ಕೆಲಸಕ್ಕೆಂದು ಪೇಟೆಗೆ ಹೋಗುವವರಲ್ಲ. ಹುಬ್ಬಳ್ಳಿಯಲ್ಲಿದ್ದ ಪ್ರಕಾಶಕರ ಹತ್ತಿರ ಕರಡು ತಿದ್ದಲು ಹೊರಟರೆ ಮಿಕ್ಸರಿನ ಜಾರು, ನಾದಿನಿಯ ಕನ್ನಡಕ, ಪಕ್ಕದ ಮನೆಯವರ ಹೊಲಿಗೆ ಯಂತ್ರದ ಬೆಲ್ಟು ಎಲ್ಲ ಚೀಲ ಸೇರುತ್ತಿದ್ದವು. ಅದರ ಮೇಲೆ ನಾನು ನೋಡಬೇಕಾದ ಕಲ್ಲಿನ ಗುಡಿಗಳು. ಒಮ್ಮೆ ಲಕ್ಕುಂಡಿ, ಒಮ್ಮೆ ಹಾನಗಲ್ಲು. ಬನವಾಸಿಗಂತೂ ಎಷ್ಟು ಸಲ ಹೋದೆನೆಂದರೆ, ದಾಸನಕೊಪ್ಪದ ಚಹದಂಗಡಿಯವನು ಕೇಳಿಯೇಬಿಟ್ಟ: "ಹ್ವಾದ ಸಲ ನೋಡಿದ್ ಗುಡಿ ಅಲ್ಲೇ ಐತೇನಂತ ನೋಡಾಕ ಬಂದೀರೇನ್ರಿ?"

ಹೆಂಡತಿ ಜೊತೆಗೆ ಬರುತ್ತಿದ್ದಳು. ದೊಡ್ಮನೆ ಎಂಬ ಊರಿನ ಕಡೆಯವಳು, ಬಾಯಿ ಸ್ವಲ್ಪ ಜೋರು. ನಾನು ಗುಡಿ ಸುತ್ತುವಾಗ ಅವಳು ನೆರಳು ಹುಡುಕಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. "ಕೈ ಮುರದ ಮೂರ್ತಿ, ಮೂಗು ಹೋದ ಮೂರ್ತಿ. ಇಷ್ಟು ದೂರ ಬಂದು ನೋಡ್ತ್ರಿ, ಮನೆ ಹಂಚು ಒಡದ್ದು ನೋಡ್ತ್ರಿಲ್ಲೆ," ಎನ್ನುತ್ತಿದ್ದಳು. ನಾನು ರೇಗುತ್ತಿದ್ದೆ. ಆಮೇಲೆ ಇಬ್ಬರೂ ಚೀಲದಿಂದ ಅವಲಕ್ಕಿ ತೆಗೆದು ತಿನ್ನುತ್ತಿದ್ದೆವು.

ಹೀಗೆ ನಡೆದಿದ್ದಾಗಲೇ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ನನ್ನ ಅತಿ ದೊಡ್ಡ ಕಾದಂಬರಿ ಕೊನೆಯ ಅಧ್ಯಾಯಕ್ಕೆ ಬಂದು ನಿಂತಿತು. ಸೋಂದೆಯಿಂದ ಬಿಜಾಪುರಕ್ಕೆ ಒತ್ತೆಯಾಳಾಗಿ ಹೋದ ಒಬ್ಬ, ಅಲ್ಲಿ ಗುಮ್ಮಟ ಕಟ್ಟುವ ಕೆಲಸಕ್ಕೆ ಕಲ್ಲು ಹೊರುತ್ತಾನೆ. ಅವನ ಹೆಂಡತಿ ಅವನನ್ನು ಹುಡುಕಿಕೊಂಡು ಕಾಲ್ನಡಿಗೆಯಲ್ಲಿ ಬರುತ್ತಾಳೆ. ಕೊನೆಗೆ ಗುಮ್ಮಟದ ಮೇಲೆ ನಿಂತು, ಕೆಳಗಿನ ಜನಜಂಗುಳಿಯಲ್ಲಿ ಗಂಡನನ್ನು ಹುಡುಕಬೇಕು. ಅಷ್ಟೇ ಬರೆಯುವುದು ಬಾಕಿ. ಆ ಎತ್ತರದಿಂದ ಮನುಷ್ಯ ಎಷ್ಟು ಸಣ್ಣಗೆ ಕಾಣುತ್ತಾನೆ, ಬಗ್ಗಿ ನೋಡಿದರೆ ತಲೆ ಸುತ್ತುತ್ತದೆಯೇ, ಒಂದೂ ನನಗೆ ಗೊತ್ತಿರಲಿಲ್ಲ. ಹೋಗಿ ಹತ್ತಬೇಕು ಅಂದುಕೊಂಡಿದ್ದೆ.

ಅಷ್ಟರಲ್ಲಿ ಎದೆ ನೋವು ಬಂತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟು, "ಮೆಟ್ಟಲಾ ಹತ್ತೂದು ಬ್ಯಾಡ್ರಿ. ಆರಾಮ ಮನ್ಯಾಗ ಕುಂತ ಬರೀರಿ," ಎಂದರು. ಮನೆಯಲ್ಲಿ ಕೂತು ಬರೆಯುವುದು ನನ್ನಿಂದಾಗದ ಕೆಲಸ ಎಂದು ಅವರಿಗೆ ಹೇಗೆ ತಿಳಿಯಬೇಕು? ಅಲ್ಲಿಂದ ನೇರ ಪ್ರಕಾಶಕರ ಅಂಗಡಿಗೆ ಹೋದೆ. ಒಳ್ಳೆಯ ಮನುಷ್ಯ, ಚಹ ತರಿಸಿದರು. "ಕಡೀ ಅಧ್ಯಾಯ ಒಂದ್ ಬಿಟ್ಟು ಎಲ್ಲಾ ಕಂಪೋಜ್ ಆಗೇತ್ರಿ. ನಾ ಎಷ್ಟ್ ದಿನಾ ಅಂತ ಕಾಯ್ಲಿ? ಗುಮ್ಮಟ ಎತ್ತರ ಐತಿ ಅಂತ ಬರದ ಮುಗಸ್ರಿ. ಯಾರ್ ಬಂದ ಅಳೀತಾರ?"

ನನಗೆ ಸಿಟ್ಟು ಬಂತು, ಚಹ ಅರ್ಧಕ್ಕೇ ಬಿಟ್ಟು ಎದ್ದೆ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಸಾಯುತ್ತೇನೆಂಬ ಹೆದರಿಕೆಯಲ್ಲ, ಇನ್ನು ಬರೆಯಲಾರೆ ಎಂಬುದು. ಮನೆಗೆ ಬಂದ ಮೇಲೆ ಹಲವು ವಾರ ಪೆನ್ನು ಮುಟ್ಟಲಿಲ್ಲ. ಹೆಂಡತಿಯ ಹತ್ತಿರ ಸರಿಯಾಗಿ ಮಾತನ್ನೂ ಆಡಲಿಲ್ಲ. ಒಂದು ದಿನ ದೋಸೆ ಬಡಿಸುತ್ತ, ನನ್ನ ಬದಲು ತಾನು ಹತ್ತುವುದಾಗಿ ಅವಳೇ ಅಂದಳು:

"ಬಿಜಾಪುರಕ್ಕೆ ಹೋಪನ. ಆನು ಹತ್ತತೆ. ಮೇಲೆ ಎಂತ ಕಂಡ್ತು ಹೇಳಿ ಬಂದು ಹೇಳ್ತೆ, ನಿಂಗ ಬರಕಳಿ."

"ನೀ ನೋಡಿರೆ ಆನು ನೋಡಿದಂಗೆ ಆಗ್ತಾ?"

"ಆಗ್ತಿಲ್ಲೆ. ಆದ್ರೆ ನಿಂಗ ಹಿಂಗೆ ಮುಖ ಊದಿಸ್ಕ್ಯಂಡು ಕುಂತಿರದು ಎಂಗೆ ನೋಡಲೆ ಆಗ್ತಿಲ್ಲೆ."

ಹೊರಟೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬಿಜಾಪುರ ಮುಟ್ಟುವಾಗ ಸಂಜೆ. ಲಾಡ್ಜಿನಲ್ಲಿ ತಂಗಿ, ಬೆಳಿಗ್ಗೆ ಬಿಸಿಲೇರುವ ಮೊದಲೇ ಗುಮ್ಮಟಕ್ಕೆ ಹೋದೆವು. ಹೊರಗಿನಿಂದ ನೋಡಿದಾಗಲೇ ಅವಳು ಚೀಲ ಕೆಳಗಿಟ್ಟು ಕತ್ತೆತ್ತಿದಳು. ಮುರಿದ ಮೂಗಿನ ಮಾತು ಬರಲಿಲ್ಲ. ಒಳಗೆ ದೊಡ್ಡ ಬಯಲಿನಂಥ ಚೌಕ, ನಡುವೆ ಗೋರಿಗಳ ಕಟ್ಟೆ, ತಲೆಯ ಮೇಲೆ ಎಲ್ಲೋ ಗುಮ್ಮಟ. ಅದರ ಬುಡದಲ್ಲಿ ಸುತ್ತಲೂ ಮೊಗಸಾಲೆಯಂತೆ ಓಡಾಡುವ ಜಾಗ. ಅಲ್ಲಿ ಪಿಸುಗುಟ್ಟಿದರೂ ಎದುರು ಬದಿಗೆ ಕೇಳುತ್ತದೆ, ಕೂಗಿದರೆ ಮತ್ತೆ ಮತ್ತೆ ಮೊಳಗುತ್ತದೆ. ಸೊಲ್ಲಾಪುರ ಕಡೆಯ ಯಾತ್ರಿಕರ ಗುಂಪೊಂದು ಆಗಲೇ ಮೇಲೆ ಸೇರಿ ಚಪ್ಪಾಳೆ ತಟ್ಟುತ್ತಿತ್ತು.

ನಾನು ಅವಳಿಗೆ ಪಾಠ ಹೇಳಿಕೊಟ್ಟೆ. ಮೇಲಿನ ಅಂಚಿನ ತಡೆ, ಆ ಕಟಾಂಜನ ಎಷ್ಟು ಎತ್ತರ ನೋಡು. ಕೆಳಗಿನವರ ಮುಖ ಕಾಣುತ್ತದೆಯೋ, ಬರೀ ತಲೆಯೋ ನೋಡು. ಬೆಳಕು ಎಲ್ಲಿಂದ ಬೀಳುತ್ತದೆ ನೋಡು. ಅವಳು ಸೆರಗು ಸಿಕ್ಕಿಸಿ, ಚೀಲ ಹೆಗಲಿಗೇರಿಸಿ, "ಇಲ್ಲೇ ಕುಂತ್ಕಂಡಿರಿ, ಎಲ್ಲೂ ಹೋಗಡಿ," ಎಂದು ಮೂಲೆಯ ಗೋಪುರದ ಮೆಟ್ಟಿಲ ಕತ್ತಲಿಗೆ ನಡೆದಳು.

ಕಟ್ಟೆಯ ಹತ್ತಿರ ನೆಲ ತಣ್ಣಗೆ ಕೊರೆಯುತ್ತಿತ್ತು. ಬೆನ್ನಿಗೂ ಆಸರೆಯಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಗೋಡೆಗೆ ಒರಗಿ ಕೂತೆ. ಅದು ಮೊಗಸಾಲೆಯ ಅಡಿ, ಅಲ್ಲಿ ಕೂತರೆ ಮೇಲಿನವರಿಗೆ ಕಾಣುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ಕಾದಂಬರಿಯ ಹೆಂಗಸು ಈಗ ಎಷ್ಟನೆಯ ಅಂತಸ್ತಿನಲ್ಲಿರಬಹುದು, ಅವಳ ಉಸಿರು ಹೇಗೆ ಬರುತ್ತಿರಬಹುದು ಎಂದು ಯೋಚಿಸುತ್ತಿದ್ದೆ.

ಆಗ ಮೇಲಿನಿಂದ ನನ್ನ ಹೆಸರು ಬಂತು.

ಯಾರೋ ನನ್ನದೇ ಹೆಸರಿನ ಇನ್ನೊಬ್ಬನನ್ನು ಕರೆಯುತ್ತಿದ್ದಾರೆ ಅಂದುಕೊಂಡೆ. ಅದು ಗುಮ್ಮಟದಲ್ಲಿ ಸುತ್ತಿ, ಮತ್ತೆ ಬಂತು, ಮತ್ತೊಮ್ಮೆ ಬಂತು. ದನಿ ಅವಳದು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ನನ್ನ ಹೆಸರನ್ನು ನಾನು ಕೇಳಿರಲಿಲ್ಲ. ನಮ್ಮ ಮನೆಗಳ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, "ಕೇಳ್ತಾ" ಎಂದರೆ ಆಯಿತು, ಗಂಡ ತಿರುಗಬೇಕು. ಮದುವೆಯ ದಿನ ಎಲ್ಲ ಸೇರಿ ಹೆಸರು ಹೇಳು ಎಂದು ಕಾಡಿದಾಗ ಅತ್ತುಕೊಂಡು ಒಳಗೆ ಓಡಿದವಳು ಅವಳು. ಆಸ್ಪತ್ರೆಯ ಚೀಟಿಗೆ ನನ್ನ ಹೆಸರು ಕೇಳಿದಾಗಲೂ ಜೊತೆಗೆ ಬಂದಿದ್ದ ತನ್ನ ತಮ್ಮನ ಮುಖ ನೋಡಿದ್ದಳು. ಈಗ ಪರವೂರಿನ ಗುಮ್ಮಟದಲ್ಲಿ ನಿಂತು, ಅಷ್ಟು ಜನರ ಎದುರು, ಗಂಟಲು ಬಿರಿಯುವಂತೆ ಕೂಗುತ್ತಿದ್ದಳು. ಬಂದವರೆಲ್ಲ ಇಲ್ಲಿ ಪ್ರತಿಧ್ವನಿ ಎಣಿಸುತ್ತಾರೆ. ನಾನು ಎಣಿಸಲಿಲ್ಲ. ನನಗೆ ಕಣ್ಣು ತುಂಬಿ ಬಂದಿತ್ತು, ಜೊತೆಗೆ ಅವಳಿಗೇನಾಯಿತೋ ಎಂದು ಗೋಡೆ ಹಿಡಿದು ಎದ್ದೆ.

ತಿರುಗಿ ಕೂಗಲು ಉಸಿರು ಸಾಲದು. ಚೌಕದ ನಡುವಿಗೆ ನಡೆದು, ಬಿಸಿಲಿಗೆಂದು ತಂದಿದ್ದ ಛತ್ರಿ ಬಿಚ್ಚಿ, ಮೇಲೆತ್ತಿ ಹಿಡಿದೆ. ಹೆಸರು ನಿಂತಿತು. ಅದರ ಮೊಳಗು ಇನ್ನೂ ಸ್ವಲ್ಪ ಹೊತ್ತು ಇತ್ತು. ಕಾವಲಿನವನು ಹತ್ತಿರ ಬಂದು, "ಯಜಮಾನ್ರ, ಇದರಾಗ ಮಳಿ ಬರಂಗಿಲ್ರಿ. ಛತ್ರಿ ಮುಚ್ರಿ," ಎಂದ.

ಅವಳು ಇಳಿದು ಬಂದವಳೇ ಏದುಸಿರು ಬಿಡುತ್ತ, ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ನನ್ನ ಅಂಗಿಯ ಕಿಸೆಗೆ ತುರುಕಿದಳು.

"ಮೇಲೆ ಹೋದ್ಮೇಲೆ ನೆನಪಾತು, ಮಾತ್ರೆ ಎನ್ನ ಹತ್ರನೇ ಇದ್ದು ಹೇಳಿ. ಬಗ್ಗಿ ನೋಡಿರೆ ನಿಂಗ ಎಲ್ಲೂ ಕಂಡಿದ್ರಿಲ್ಲೆ. ಜೀವವೇ ಹೋದಂಗಾತು."

"ಕೇಳ್ತಾ ಹೇಳಿ ಕೂಗಲಾಗಿತ್ತಲೆ?"

"ಕೇಳ್ತಾ ಹೇಳಿ ಕೂಗಿದ್ರೆ ಕೆಳಗಿದ್ದ ಗಂಡಸ್ರೆಲ್ಲ ಮೇಲೆ ನೋಡ್ತಿದ್ದ," ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬಹಳ ಹೊತ್ತು ನನ್ನ ಕಡೆ ನೋಡಲೇ ಇಲ್ಲ. ಕಟಾಂಜನ ಎಷ್ಟು ಎತ್ತರ, ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದನ್ನು ಅವಳು ನೋಡಿಕೊಂಡು ಬಂದಿರಲಿಲ್ಲ. ನಾನೂ ಕೇಳಲಿಲ್ಲ.

ಯಲ್ಲಾಪುರಕ್ಕೆ ಮರಳಿದ ಮರುದಿನವೇ ಬರೆಯಲು ಕೂತೆ. ಮೇಲೆ ನಿಂತ ಹೆಂಗಸಿಗೆ ಏನು ಕಂಡಿತು ಎಂದು ಬರೆಯಲಿಲ್ಲ, ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಕಲ್ಲು ಹೊತ್ತು ಕೆಳಗೆ ನಿಂತವನಿಗೆ ಏನು ಕೇಳಿತು ಎಂದು ಬರೆದೆ. ಪೆನ್ನು ಎಲ್ಲಿಯೂ ತಡೆಯಲಿಲ್ಲ. ಮುಗಿಸಿ, ಹಾಳೆಗಳನ್ನು ಅವಳ ಕೈಗೆ ಕೊಟ್ಟೆ. ಅಚ್ಚಾಗದ ಬರವಣಿಗೆಯನ್ನು ಅದುವರೆಗೆ ಅವಳಿಗೆ ಕೊಟ್ಟವನಲ್ಲ. ಅವಳು ಬಾಗಿಲ ಬೆಳಕಿಗೆ ಕೂತು, ತುಟಿ ಆಡಿಸುತ್ತ ಕೊನೆಯ ತನಕ ಓದಿದಳು.

"ಆ ಹೆಂಗ್ಸು ಎಂತ ಹೇಳಿ ಕರದ್ದು ಹೇಳಿ ಬರದ್ದೇ ಇಲ್ಲೆ ಅಲಾ?"

"ಗಂಡಂಗೆ ಕೇಳಿದ್ದು. ಸಾಕು."

ಅವಳು ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟಳು. ಪುಸ್ತಕ ಹಾಗೆಯೇ ಅಚ್ಚಾಯಿತು.