ಹುಳು ತಿಂದ ಸೊಪ್ಪು

ಆಗ ನನಗೆ ಅರವತ್ತೆಂಟು. ಈಗ್ಗೆ ಆರು ವರ್ಷದ ಮಾತು. ಕೇಳದೆ ಮನೆಗೆ ಬಂದ ಯಾವುದನ್ನೂ ನಾನು ನಂಬುವವಳಲ್ಲ, ನೆಂಟರನ್ನೂ ಸೇರಿಸಿ. ಆದರೂ ಅವತ್ತು ಬೆಳಿಗ್ಗೆ ಜಂಗಮಕೋಟೆಯ ನನ್ನ ರೇಷ್ಮೆ ಹುಳುಮನೆಯ ಮುಂದೆ ಟೆಂಪೋದವನು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುವಾಗ ಸುಮ್ಮನೆ ನಿಂತಿದ್ದೆ. ಅದು ಪಕ್ಕದ ರತ್ನಮ್ಮನಿಗೆ ಚಿಂತಾಮಣಿಯ ತಂಗಿ ಕಳಿಸಿದ್ದು. ಎರಡು ಹುಳುಮನೆಗೂ ಒಂದೇ ಥರದ ನೀಲಿ ಪರದೆ, ಅವನು ತಪ್ಪಿದ. ನಾನು ತಪ್ಪಲಿಲ್ಲ. ನನ್ನ ತೋಟದ ಎಲೆ ಅಷ್ಟು ಅಗಲ ಬರುವುದಿಲ್ಲ. ಆದರೆ ರೇಷ್ಮೆಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ರಾಕ್ಷಸರ ಹಾಗೆ ತಿನ್ನುವ ದಿನ ಅದು. ಹೊರೆ ಬಿಚ್ಚಿ ಹುಳುವಿಗೆ ಹಾಕಿಬಿಟ್ಟೆ.

ಮಧ್ಯಾಹ್ನ ರತ್ನಮ್ಮ ಬೀದಿಯಲ್ಲಿ ನಿಂತು ಕೂಗಿದಳು: "ನನ್ನ ಹುಳು ಒಂದ್ಹೊತ್ತು ಉಪವಾಸ ಬಿದ್ದಾವೆ ಕಣೇ! ನಿನ್ನವು ಮದುವೆ ಊಟ ಉಂಡ್ವಾ?"

ಅವತ್ತೇ ಅವಳ ತಂಗಿಯ ಮಗಳು ಸುಮಾ ಚಿಕ್ಕಬಳ್ಳಾಪುರದಿಂದ ಬಂದಿದ್ದಳು. ಕಾನೂನು ಪಾಠ ಹೇಳುವವಳು. ಜೊತೆಗೆ ಅದೇ ಕಾಲೇಜಿನ ಅನ್ವರ್ ಸಾಹೇಬರು. ಇಬ್ಬರೂ ನನ್ನ ಜಗಲಿಯ ಮೇಲೆ ಕೂತರು. ನ್ಯಾಯ ಹೇಳಲು ಬಂದರೆಂದುಕೊಂಡೆ. ಅವರು ತಮ್ಮತಮ್ಮಲ್ಲೇ ಜಗಳಾಡಲು ಬಂದಿದ್ದರು. ಇನ್ನೊಬ್ಬರ ಸೊತ್ತಿನಿಂದ ಸಕಾರಣವಿಲ್ಲದೆ ಲಾಭವಾದರೆ ಹಿಂದಿರುಗಿಸಬೇಕೆಂದು ಕಾನೂನಿದೆಯಂತೆ. ಲಾಭವೆಂದರೇನು ಎಂದು ಮಾತ್ರ ಓದಿದವರಲ್ಲಿ ಇನ್ನೂ ತೀರ್ಮಾನವಾಗಿಲ್ಲವಂತೆ.

"ಸೊಪ್ಪು ಹುಳದ ಹೊಟ್ಟೇಲಿದೆ. ಏನಂತ ವಾಪಸ್ ಕೇಳ್ತೀರಾ ಮೇಡಂ?" ಎಂದರು ಸಾಹೇಬರು.

"ಅಜ್ಜಿ ತೋಟದ ಸೊಪ್ಪು ಉಳೀತಲ್ಲ ಸಾರ್? ಅದೇ ಲಾಭ," ಎಂದಳು ಸುಮಾ.

"ಅಜ್ಜಿ ಕೇಳಿದ್ರಾ? ನಾನೇ ಬಂದು ನಿಮ್ಮ ಗೋಡೆಗೆ ಸುಣ್ಣ ಬಳಿದು ಕೂಲಿ ಕೇಳಿದ್ರೆ ಕೊಡ್ತೀರಾ?"

ಹೀಗೇ ಎರಡೆರಡು ಲೋಟ ಟೀ ಮುಗಿಯಿತು, ನನ್ನದೇ ಟೀ. ಅದರ ಲಾಭ ಯಾರಿಗೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಗುರುತಿಲ್ಲದ ಸಾಹೇಬರು ನನ್ನ ಪರ ಇಷ್ಟು ವಾದಿಸುತ್ತಾರಲ್ಲ, ಇವರಿಗೇನು ಬೇಕೋ ಎಂದು ನನಗೆ ಅನುಮಾನ. ಅವರೇ ಕೊನೆಗೆ ತಿರುಗಿ ಕೇಳಿದರು: "ಅಜ್ಜೀ, ಹಾಕೋವಾಗ ನಿಮ್ಮ ಸೊಪ್ಪಲ್ಲ ಅಂತ ಗೊತ್ತಿತ್ತಾ? ಗೊತ್ತಿದ್ರೆ ನನ್ನ ವಾದ ಬಿದ್ದೋಯ್ತು."

"ಕಣ್ಣು ಮಂಜು ಕಣಪ್ಪ ನಂದು," ಎಂದೆ.

ಸಾಹೇಬರು ಗೆದ್ದರು. ಬೀದಿಯಲ್ಲೇ ನಿಂತಿದ್ದ ರತ್ನಮ್ಮ ನನ್ನ ಕಣ್ಣನ್ನೇ ನೋಡಿದಳು. ಮೂವತ್ತು ವರ್ಷದಿಂದ ಅವಳ ಹುಳು ಸಾಕುವ ತಟ್ಟೆಗಳಲ್ಲಿ ರೋಗದ ಹುಳುವನ್ನು ಆರಿಸಿ ತೆಗೆಯುತ್ತಿದ್ದುದು ಇದೇ ಕಣ್ಣು. ಇನ್ನು ಅವಳು ನನ್ನನ್ನು ಒಳಗೆ ಕರೆಯುವುದಿಲ್ಲ ಎಂದು ತಿಳಿಯಲು ಕಾನೂನು ಓದಬೇಕಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ, ನನ್ನ ಹುಳುವಿಗೆ ಹಾಕುವ ಮೊದಲೇ, ನನ್ನ ತೋಟದ ಸೊಪ್ಪು ಕೊಯ್ದು ಅವಳ ಬಾಗಿಲಲ್ಲಿ ಇಳಿಸಿದೆ. "ಗೊತ್ತಿತ್ತು ಕಣೇ," ಎಂದೆ. ಅವಳು ಒಂದೆಲೆ ಎತ್ತಿ ಮೂಸಿದಳು. ಔಷಧಿ ಹೊಡೆದ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ.

"ಏನಾದ್ರೂ ಹೊಡೆದಿದ್ದೀಯೇನೇ?"

ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಅವಳ ಕೈಯಲ್ಲಿದ್ದ ಎಲೆಯನ್ನು ಕಿತ್ತುಕೊಂಡು, ಅವಳೆದುರೇ ಅಗಿದು ನುಂಗಿದೆ.